ಮಂಜಿಲ್ಲದ ದ್ವೀಪದ ಲುವಾನಕ್ಕ

ಸುಳ್ಳು ಹೇಳಿದೆಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನಬಲ್ಲೆ. ಸುಮ್ಮನಿದ್ದೆ, ಅಷ್ಟೆ. ಆದರೆ ಹಾಗೆ ಸುಮ್ಮನಿದ್ದದ್ದು ಎಂಟು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ. ಮಗುವಿನ ಹಣೆ ಮುಟ್ಟಿ ನೋಡುವಾಗ, ಹಾಲು ಕಾಯಿಸುವಾಗ, ಒಗೆದ ಬಟ್ಟೆ ಮೂರನೆಯ ದಿನವೂ ಒಣಗಿಲ್ಲವಲ್ಲ ಎಂದು ಹಿಂಡಿ ನೋಡುವಾಗ, ಅದು ಪಕ್ಕದಲ್ಲೇ ಇರುತ್ತದೆ. ಮಹಡಿಯ ಕಿಟಕಿಯಿಂದ ಬಗ್ಗಿದರೆ ಕೆಳಗೆ ಓಣಿಯಲ್ಲಿ, ನೀಲಿ ಟಾರ್ಪಾಲಿನಡಿ, ಲುವಾನಕ್ಕ ನೂಡಲ್ಸ್ ಬೇಯಿಸುತ್ತ ನಿಂತಿರುತ್ತಾರೆ. ಮಂಜಿನಲ್ಲಿ ಅವರ ಮುಖ ಕಾಣುವುದಿಲ್ಲ. ಕುತ್ತಿಗೆಗೆ ಸುತ್ತಿದ ಬಿಳಿ ಟವೆಲ್ಲು ಮಾತ್ರ ಅತ್ತಿಂದಿತ್ತ ತೇಲುತ್ತಿರುತ್ತದೆ. ಅರವತ್ತೊಂದು ವರ್ಷದ ಹೆಂಗಸು. ಮೂವತ್ತು ವರ್ಷ ಅಂಗಡಿಯೊಳಗಿದ್ದ ಅವರ ಒಲೆ ಓಣಿಗೆ ಬಂದದ್ದು ನನ್ನಿಂದ.

ಮೊದಲಿನಿಂದ ಹೇಳುತ್ತೇನೆ.

ತ್ಸಾವ್ ಜಿನ್-ಲುವಾನ್ ಎಂಬುದು ಅವರ ಪೂರ್ತಿ ಹೆಸರು. ಈ ಬೈಗಾನ್ ದ್ವೀಪದಲ್ಲೇ ಸಿಗಡಿ ಒಣಗಿಸುವವರ ಮನೆಯಲ್ಲಿ ಹುಟ್ಟಿದವರು. ಒಂದು ಕಾಲಕ್ಕೆ ಇಲ್ಲಿ ಊರವರಿಗಿಂತ ಸೈನಿಕರೇ ಹೆಚ್ಚಿದ್ದರಂತೆ. ಲುವಾನಕ್ಕ ಆ ಸೈನಿಕರ ಸಮವಸ್ತ್ರ ಒಗೆದರು, ಗುಂಡಿ ಹೊಲಿದರು, ತಾಂಗ್‌ಚಿ ಊರಿನಲ್ಲಿ ಅಂಗಡಿ ಹಿಡಿದು ಬಿಲಿಯರ್ಡ್ಸ್ ಮೇಜು ಹಾಕಿದರು, ಪಕ್ಕದಲ್ಲಿ ನೂಡಲ್ಸ್ ಒಲೆ ಹೂಡಿದರು. ಕಾಲ ಬದಲಾದ ಮೇಲೆ ಮೇಜು ತೆಗೆದು ಎಂಟು ಕಂಪ್ಯೂಟರು ಇಟ್ಟರು. ರಜೆಯ ದಿನ ಹೋಗಲು ಬೇರೆ ಜಾಗವಿಲ್ಲದ ಇಪ್ಪತ್ತರ ಸೈನಿಕ ಹುಡುಗರು ಅಲ್ಲೇ ಬಂದು ಕೂರುತ್ತಿದ್ದರು.

ಅವರಲ್ಲೊಬ್ಬ ಶೆನ್ ವೆನ್-ಲಿಯಾಂಗ್. ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆಯುವ ಕೆಲಸ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಯಂತ್ರ ಕೂರಿಸಿ, ಎಲ್ಲರೂ ಒಟ್ಟಿಗೆ ಆಡುವ ಆಟವೊಂದರ ಸರ್ವರ್ ಮಾಡಿದ. ಗೆಲ್ಲುವುದು ಸೋಲುವುದು ಇಲ್ಲದ ಆಟ. ಕಟ್ಟುವುದು, ನೆಡುವುದು, ಮೀನು ಹಿಡಿಯುವುದು, ಕೂತು ಹರಟುವುದು. ಹುಡುಗರೆಲ್ಲ ಸೇರಿ ಅದರೊಳಗೆ ಇದೇ ದ್ವೀಪವನ್ನು ಕಟ್ಟಿದರು. ಕಲ್ಲಿನ ಮನೆಗಳು, ಸಮುದ್ರಕ್ಕಿಳಿಯುವ ಮೆಟ್ಟಿಲು, ಊರಿನ ಅಂಚಿಗೇ ಇರುವ ವಿಮಾನದ ಓಡುದಾರಿ, ಕೆಂಪು ಬಾಗಿಲಿನ ಲುವಾನಕ್ಕನ ಅಂಗಡಿ, ಎಲ್ಲ ಇದೆ. ಒಂದನ್ನು ಮಾತ್ರ ಬಿಟ್ಟರು. ಮಂಜು. ಎಷ್ಟೋ ಸಲ ಅವರ ರಜೆಯನ್ನು ನುಂಗಿದ್ದು ಈ ಮಂಜು; ವಿಮಾನ ಇಳಿಯದೆ, ಗಂಟುಮೂಟೆ ಕಟ್ಟಿಕೊಂಡು ಕೂತಲ್ಲೇ ರಜೆ ಮುಗಿದು ಹೋಗುತ್ತಿತ್ತು. ಹಾಗಾಗಿ ಅವರ ದ್ವೀಪದಲ್ಲಿ ಯಾವಾಗಲೂ ಬಿಸಿಲು. ಸಮುದ್ರ ಕೊನೆಯವರೆಗೂ ಕಾಣುತ್ತದೆ.

ಅವರೆಲ್ಲ ಸೇವೆ ಮುಗಿಸಿ ಹೊರಟುಹೋದರು. ಆದರೆ ಆಟಕ್ಕೆ ಬರುವುದನ್ನು ಬಿಡಲಿಲ್ಲ. ಈಗ ನಲವತ್ತು ದಾಟಿದವರು, ಯಾರೋ ಬಸ್ ಓಡಿಸುತ್ತಾರೆ, ಯಾರೋ ಪಾಠ ಹೇಳುತ್ತಾರೆ, ವೆನ್-ಲಿಯಾಂಗ್ ಪಿಂಗ್‌ಟುಂಗ್‌ನಲ್ಲಿ ಟಯರ್ ಅಂಗಡಿ ಇಟ್ಟಿದ್ದಾರೆ. ಒಳಗೆ ಬಂದವರು ಮೊದಲು ಕೆಂಪು ಬಾಗಿಲಿನ ಮುಂದೆ ನಿಂತು "ಅಕ್ಕಾ, ಬಂದೆ" ಎಂದು ಬರೆಯಬೇಕು. ಲುವಾನಕ್ಕ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ "ಊಟ ಆಯ್ತಾ" ಎಂದು ಕೇಳುತ್ತಾರೆ. ಆ ಉತ್ತರ ಬರುವವರೆಗೆ ಯಾರೂ ಅಲ್ಲಿಂದ ಕದಲುವುದಿಲ್ಲ.

ನಾನು ತೈಚುಂಗ್ ನಗರದವಳು. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲೇ ಸಮುದ್ರದಡಿಯ ತಂತಿ ತುಂಡಾಗಿ ದ್ವೀಪಕ್ಕೆ ಹೊರಗಿನ ಸಂಪರ್ಕವೇ ಇಲ್ಲದಂತಾಯಿತು. ಗಂಡ ದೋಣಿಯ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನಾನೊಬ್ಬಳೇ, ಹೊಟ್ಟೆಯಲ್ಲಿ ಮಗು. ಆಗ ಲುವಾನಕ್ಕ ಕ್ಷೌರದಂಗಡಿಗೆ, ಶಾಲೆಗೆ, ಅಂಗಡಿಯ ಮೇಲಿನ ನಮ್ಮ ಮಹಡಿಗೆ ತಂತಿ ಎಳೆಸಿದರು. ಸರ್ವರ್ ಇಲ್ಲೇ ಇತ್ತಲ್ಲ, ಅದಕ್ಕೆ ಸಮುದ್ರದ ಹಂಗಿರಲಿಲ್ಲ. ಓಣಿಯಲ್ಲಿ ಎದುರಾದರೆ ತಲೆ ತಗ್ಗಿಸುತ್ತಿದ್ದ ನಾನು ಆ ಬಿಸಿಲಿನ ದ್ವೀಪದಲ್ಲಿ ಊರವರ ಜೊತೆ ಕುಂಬಳ ನೆಟ್ಟೆ. ಹೊರಗೆ ಗಾಳಿ ಕಿಟಕಿ ಬಡಿಯುತ್ತಿದ್ದರೂ ಬೆನ್ನಿಗೆ ಬಿಸಿಲು ತಾಗಿದ ಹಾಗೆ ಅನಿಸುತ್ತಿತ್ತು. ಮಗಳು ಯಿ-ಆನ್ ಮೊದಲು ಒದ್ದದ್ದು ಆ ಕುಂಬಳದ ಬಳ್ಳಿಗೆ ನೀರು ಹಾಕುವಾಗಲೇ.

ಈಗ ಸ್ವಿಚ್ಚಿನ ವಿಷಯ. ನೆಟ್‌ವರ್ಕ್ ಸ್ವಿಚ್ ಎಂದರೆ ಎಲ್ಲ ತಂತಿಗಳೂ ಬಂದು ಕೂಡುವ ಪೆಟ್ಟಿಗೆ. ಹಳೆಯದು ಈ ಫೆಬ್ರವರಿಯಲ್ಲಿ ಕೆಟ್ಟಿತು. ಆಟದ ಗುಂಪಿನವರು ಹೊಸದನ್ನು ಆರಿಸುವ ಕೆಲಸ ನನಗೆ ಒಪ್ಪಿಸಿದರು; ತೈಚುಂಗ್‌ನ ಆಫೀಸೊಂದರಲ್ಲಿ ಎರಡು ವರ್ಷ ಕಂಪ್ಯೂಟರ್ ವಿಭಾಗದಲ್ಲಿದ್ದವಳಲ್ಲವೇ. ಹನ್ನೆರಡು ದಿನ ನಿದ್ದೆಗೆಟ್ಟು ಓದಿದೆ. ಕಡಿಮೆಯಾದರೆ ಏನು ಗತಿ, ನಿಧಾನವಾದರೆ ಏನು ಗತಿ ಎಂದು ಹೆದರಿ ಹೆದರಿ, ದೊಡ್ಡ ಕಂಪನಿಯೊಂದು ಬಳಸಿ ಬಿಟ್ಟ ಭಾರೀ ಪೆಟ್ಟಿಗೆಯನ್ನು ತರಿಸಿದೆ.

ಲುವಾನಕ್ಕ ಅದನ್ನು ಸುತ್ತು ಹಾಕಿ ನೋಡಿದರು. "ಎಷ್ಟು ತೂತು ಇದಕ್ಕೆ?"

"ನಲವತ್ತೆಂಟು, ಅಕ್ಕ."

"ನಮ್ ತಂತಿ ಎಷ್ಟು?"

"ಹನ್ನೊಂದು. ಮುಂದೆ ಬೇಕಾಗ್ಬಹುದು ಅಂತ..."

"ಇನ್ನೂ ಮೂವತ್ತೇಳು ಮಕ್ಳು ಹೆರೋ ಯೋಚ್ನೆ ಇದ್ರೆ ಇರ್ಲಿ ಬಿಡು."

ಚಾಲೂ ಮಾಡಿದಾಗ ಅದರ ಫ್ಯಾನುಗಳು ಭರ್ರೆಂದು ಕೂಗಿದವು. ಲುವಾನಕ್ಕ ಅದರ ಹಿಂಬದಿಗೆ ಅಂಗೈ ಹಿಡಿದರು. "ಇದು ಬಾಯಿ ತಕ್ಕೊಂಡು ಉಸ್ರಾಡತ್ತಲ್ಲೇ. ನಮ್ಮೂರಲ್ಲಿ ಬಾಯಿ ತೆಗ್ದಿಟ್ಟ ಡಬ್ಬಿಲಿ ಸಿಗಡಿನೂ ಉಳಿಯಲ್ಲ."

"ದೊಡ್ಡ ದೊಡ್ಡ ಆಫೀಸಲ್ಲೆಲ್ಲ ಇದೇ ಇರೋದು ಅಕ್ಕ. ಒಳಗೆ ತಂಪಾಗಿರ್ಬೇಕು."

"ಸರಿ ಮತ್ತೆ. ಓದಿದವ್ಳು ನೀನು." ಅದರ ನೆತ್ತಿಯ ಮೇಲೆ ಹಸಿರು ಕುರುಕಲು ತಿಂಡಿಯ ಪೊಟ್ಟಣವೊಂದನ್ನು ಇಟ್ಟರು. ಯಂತ್ರ ಹಟ ಮಾಡದಿರಲೆಂದು ಇಲ್ಲಿ ಎಲ್ಲರೂ ಇಡುವಂಥದ್ದೇ. ಹಸಿರೇ ಆಗಿರಬೇಕು, ತಾರೀಕು ಮುಗಿದಿರಬಾರದು.

ಪೊಟ್ಟಣದ ತಾರೀಕು ಮುಗಿಯುವುದಕ್ಕೆ ಇನ್ನೂ ಬಹಳ ದಿನವಿತ್ತು. ಏಪ್ರಿಲಿನ ಮಂಜು ಇಳಿಯಿತು, ಗೋಡೆಗಳು ಬೆವರತೊಡಗಿದವು, ವಿಮಾನ ನಿಂತಿತು. ಮಂಜು ಬಿದ್ದ ಐದನೆಯ ದಿನ ಪೆಟ್ಟಿಗೆ ಸತ್ತಿತು. ಬಿಸಿಲಿನ ದ್ವೀಪ ಮುಚ್ಚಿಹೋಯಿತು.

ನಾನು ಅದನ್ನು ಮಹಡಿಗೆ ತಂದು ಬಿಚ್ಚಿದೆ. ಫ್ಯಾನಿನ ಬಾಯಿಯಿಂದ ಒಳಗಿನವರೆಗೂ ತೆಳುವಾದ ಬಿಳಿ ಪುಡಿ. ಬೆರಳಿಗೆ ಹತ್ತಿಸಿ ನಾಲಗೆಗೆ ಇಟ್ಟೆ. ಉಪ್ಪು. ಸಮುದ್ರದ ಮಂಜನ್ನು ಹಗಲಿರುಳು ಎಳೆದು ಕುಡಿದಿತ್ತು ಅದು. ಅಷ್ಟರಲ್ಲಿ ಫೋನಿನಲ್ಲಿ ಗುಂಪಿನ ಮಾತು ಶುರುವಾಗಿತ್ತು. ಯಾರೋ ಬರೆದರು: "ಅಕ್ಕನ ನೂಡಲ್ಸ್ ಹಬೆ ಹೊಡೆದಿರ್ಬೇಕು." ಇನ್ನೊಬ್ಬರು: "ಪಾತ್ರೆ ಪಕ್ಕ ಸರ್ವರ್ ಇಟ್ರೆ ಇನ್ನೇನಾಗತ್ತೆ." ಬೆರಳಿಗೆ ಉಪ್ಪು ಅಂಟಿಕೊಂಡೇ ಇತ್ತು. ಈಗ ಬರೆಯುತ್ತೇನೆ, ಮಗು ಮಲಗಲಿ, ಈಗ ಬರೆಯುತ್ತೇನೆ ಎಂದುಕೊಂಡೆ. ಬರೆಯಲಿಲ್ಲ. ಪೆಟ್ಟಿಗೆಯನ್ನು ಮಂಚದಡಿಗೆ ತಳ್ಳಿದೆ.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಲುವಾನಕ್ಕ ಒಲೆಯನ್ನು ಓಣಿಗೆ ಎಳೆದಿದ್ದರು.

"ಯಾಕಕ್ಕ ಇದು?"

"ನನ್ ಹಬೆ ಸುಮ್ನೆ ಯಂತ್ರ ಕೊಲ್ಲತ್ತಂತೆ. ಕೊಲೆಗಾತಿ ಹೊರಗಿರೋದೇ ಒಳ್ಳೇದು" ಎಂದು ನಕ್ಕರು. ನಗು ಮುಗಿಯುವ ಮೊದಲೇ ಕೆಮ್ಮು ಬಂತು.

ಮೂರು ದಿನ ಬಿಟ್ಟು ವೆನ್-ಲಿಯಾಂಗ್ ಗುಂಪಿನಲ್ಲಿ ಬರೆದರು: ಅಕ್ಕನಿಗೆ ವಯಸ್ಸಾಯಿತು, ಅಂಗಡಿಯೂ ಒದ್ದೆ, ಸರ್ವರನ್ನು ತೈಪೆಯ ಬಾಡಿಗೆ ಯಂತ್ರವೊಂದಕ್ಕೆ ಸಾಗಿಸೋಣವೇ, ಭಾನುವಾರ ಸಂಜೆ ಎಲ್ಲರೂ ಮತ ಹಾಕಿ. ಲುವಾನಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು.

"ಹೋಗ್ಲಿ. ಅಲ್ಲಾದ್ರೂ ಬೆಚ್ಚಗಿರತ್ತೆ. ನಾನೂ ಬಂದು ಹೋಗ್ತೀನಿ ನೆಂಟ್ರ ಹಾಗೆ" ಎಂದರು. ಇಡೀ ಜೀವನ ಬಾಗಿಲಲ್ಲಿ ನಿಂತು ಬಂದವರನ್ನು ಊಟ ಆಯಿತೇ ಎಂದು ಕೇಳಿದವರು. ನೆಂಟರಾಗಿ ಎಲ್ಲಿಗೂ ಹೋದದ್ದನ್ನು ನಾನು ನೋಡಿಲ್ಲ.

ಇವತ್ತು ಭಾನುವಾರ. ಬೆಳಗ್ಗೆ ಯಿ-ಆನ್‌ಳ ಹಣೆ ನಾಲ್ಕು ಸಲ ಮುಟ್ಟಿದೆ. ಜ್ವರವಿಲ್ಲ. ಆದರೂ ಈ ಮಂಜಿನಲ್ಲಿ ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವ ಹೆಲಿಕಾಪ್ಟರ್ ಏಳುವುದಿಲ್ಲ ಎಂಬುದನ್ನು ನೆನೆಯುತ್ತ ಐದನೆಯ ಸಲವೂ ಮುಟ್ಟಿದೆ. ಅಕ್ಕಿಗಂಜಿಯ ಬಟ್ಟಲು ಹಿಡಿದು ಲುವಾನಕ್ಕ ಮೇಲೆ ಬಂದಾಗ ಮಗು ಮಂಚದಡಿ ತೂರಿತ್ತು. ಹೊರಗೆ ಬಂದದ್ದು ಪೆಟ್ಟಿಗೆಯ ಫ್ಯಾನನ್ನು ಬಾಯಲ್ಲಿಟ್ಟುಕೊಂಡು.

ಯಿ-ಆನ್ ಮುಖ ಕಿವುಚಿದಳು. "ಉಪ್ಪು."

ಲುವಾನಕ್ಕ ಫ್ಯಾನನ್ನು ಮೆಲ್ಲಗೆ ಕಿತ್ತುಕೊಂಡು ಮಗುವಿನ ಬಾಯಿ ಒರೆಸಿದರು. ಆಮೇಲೆ ತಾವೂ ಫ್ಯಾನಿನ ಮೇಲೆ ಬೆರಳು ಸವರಿ ನಾಲಗೆಗೆ ಇಟ್ಟರು. ಸಿಗಡಿ ಒಣಗಿಸುವವರ ಮಗಳು. ಹಬೆಯಲ್ಲಿ ಉಪ್ಪು ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನನ್ನು ನೋಡಿದರು, ಬಹಳ ಹೊತ್ತು ಅಲ್ಲ.

"ನಂಗೆ ಗೊತ್ತಿತ್ತು ಅಕ್ಕ. ಅವತ್ತೇ ಗೊತ್ತಿತ್ತು."

"ಹಾಗಾದ್ರೆ ಒಲೆ ಒಳಗೆ ತರ್ಬಹುದು" ಎಂದರು ಅವರು. "ಬಾ, ಒಂದು ಕಡೆ ಹಿಡ್ಕೊ. ಸೊಂಟ ಬಿದ್ದೋಗಿದೆ ನಂದು."

ಒಲೆಯನ್ನು ಅದರ ಹಳೆಯ ಜಾಗಕ್ಕೆ ತಂದೆವು. ಬೆಂಕಿ ಹೊತ್ತಿಸಿ ಒಂದೆರಡು ಗಂಟೆ ಕಳೆದ ಮೇಲೆ ಅವರು ನನ್ನನ್ನು ಒಲೆಯ ಹಿಂದಿನ ಗೋಡೆಯ ಆಚೆಗಿರುವ ಉಗ್ರಾಣಕ್ಕೆ ಕರೆದೊಯ್ದರು. ಅಲ್ಲಿ ಸಿಗಡಿಯ ತಗಡಿನ ಡಬ್ಬಿಗಳು ಸಾಲಾಗಿದ್ದವು. ಊರಿನ ಗೋಡೆಗಳೆಲ್ಲ ಬೆವರುವ ಕಾಲದಲ್ಲಿ ಆ ಗೋಡೆ ಸೊಗಸಾಗಿ ಒಣಗಿತ್ತು. ಮುಟ್ಟಿದರೆ ಬೆಚ್ಚಗೆ, ಬಿಸಿ ಎನ್ನುವಷ್ಟಲ್ಲ.

"ತಣ್ಣಗಿರೋದು ಬೆವರತ್ತೆ. ಬೆಚ್ಚಗಿರೋದು ಬೆವರಲ್ಲ. ಇಷ್ಟೇ ಕಣೆ ನಮ್ ವಿದ್ಯೆ. ಈಗ ನಿನ್ ಪಟ್ಟಿ ಓದು."

ಫೋನಿನಲ್ಲಿ ಮೂರು ಸ್ವಿಚ್ ಗುರುತು ಹಾಕಿಟ್ಟಿದ್ದೆ. ಅವರು ವೇಗ ಕೇಳಲಿಲ್ಲ, ಹೆಸರು ಕೇಳಲಿಲ್ಲ.

"ಮೊದ್ಲಿನದಕ್ಕೆ ಬಾಯಿದ್ಯಾ?"

"ಫ್ಯಾನ್ ಇದೆ. ಸದ್ದು ಕಡಿಮೆ ಅಂತೆ."

"ಸದ್ದು ಯಾರು ಕೇಳಿದ್ರು. ಎರಡನೇದು?"

"ಫ್ಯಾನ್ ಇಲ್ಲ. ಪ್ಲಾಸ್ಟಿಕ್ ಮೈ."

"ಒಳಗಿನ ಬಿಸಿ ಹೊರಗೆ ಹೆಂಗ್ ಬರತ್ತೆ? ಮೂರನೇದು?"

"ಫ್ಯಾನ್ ಇಲ್ಲ, ತಗಡಿನ ಮೈ, ಹದಿನಾರು ತೂತು. ಉಳಿದ ತೂತಿಗೆ ರಬ್ಬರ್ ಮುಚ್ಚಳ ಬೇರೆ ಸಿಗತ್ತೆ. ಆದ್ರೆ ಅಕ್ಕ, ಅದು ಕೈಗೆ ಬೆಚ್ಚಗಾಗತ್ತೆ ಅಂತ ತುಂಬ ಜನ ದೂರಿದಾರೆ. ಒಂದ್ವೇಳೆ ಇದೂ..."

"ಬಾ ಇಲ್ಲಿ."

ಪಕ್ಕದ ಕ್ಷೌರದಂಗಡಿಗೆ ಹೋದೆವು. ತಂತಿ ತುಂಡಾದ ಚಳಿಗಾಲದಲ್ಲಿ ಅಲ್ಲಿ ಹಾಕಿದ್ದ ಪುಟ್ಟ ತಗಡಿನ ಸ್ವಿಚ್ಚು, ಐದು ತೂತಿನದು, ಕನ್ನಡಿಯ ಮೇಲಿನ ಮೊಳೆಯಲ್ಲಿ ನೇತಾಡುತ್ತಿತ್ತು. ಇದು ಎಂದಾದರೂ ಕೆಟ್ಟಿತ್ತೇ ಎಂದು ಕ್ಷೌರಿಕನನ್ನು ಕೇಳಿದೆ. ಅವನು ಕತ್ತರಿ ನಿಲ್ಲಿಸಿ ಮೇಲೆ ನೋಡಿದ. "ಅದಾ? ಅಲ್ಲಿ ಅದಿದೆ ಅನ್ನೋದೇ ಮರ್ತಿದ್ದೆ."

ಕುರ್ಚಿ ಹತ್ತಿ ಅದರ ಮೇಲೆ ಅಂಗೈ ಇಟ್ಟೆ. ಹಸಿರು ದೀಪ ನಿಧಾನಕ್ಕೆ ಮಿಟುಕುತ್ತಿತ್ತು. ಮೂರು ಮಂಜುಗಾಲ ದಾಟಿದ ತಗಡು, ಒಂದು ತುಕ್ಕಿನ ಚುಕ್ಕೆಯಿಲ್ಲ. ಆ ಬಿಸುಪು ನನಗೆ ಗೊತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಮುಟ್ಟಿ ನೋಡುವ ಬಿಸುಪು, ಮಲಗಿದ ಮಗುವಿನ ಜ್ವರವಿಲ್ಲದ ಹಣೆಯದು. ಕೈ ತೆಗೆಯಲು ಮನಸ್ಸಾಗಲಿಲ್ಲ. ಕನ್ನಡಿಯಲ್ಲಿ ಬಾಗಿಲಾಚೆಯ ಮಂಜು ಕಾಣುತ್ತಿತ್ತು, ಅದರ ಹಿಂದೆ ಎಲ್ಲೋ ಬಿಸಿಲು ಬಿದ್ದ ಮೆಟ್ಟಿಲುಗಳಿವೆ, ನನ್ನ ಕುಂಬಳ ಕಾಯಿ ಬಿಟ್ಟಿದೆ ಎಂದು ಒಂದು ಗಳಿಗೆ ನಿಜವಾಗಿಯೂ ಅನಿಸಿತು.

"ಮೂರನೇದು" ಎಂದೆ.

"ಮೂರನೇದು. ಸಿಗಡಿ ಡಬ್ಬಿ ಪಕ್ಕ ಒಂದು ಮೊಳೆ ಹೊಡೀತೀನಿ" ಎಂದರು ಲುವಾನಕ್ಕ. ಅಂಗಡಿಯ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. "ಉಪ್ಪಿನ ಸುದ್ದಿ ಹುಡುಗ್ರಿಗೆ ಹೇಳ್ಬೇಡ. ನಿನ್ನ ಆಡ್ಕೋತಾರೆ. ನನ್ನ ಹಬೆ ಅಂತಲೇ ಇರ್ಲಿ, ನಂಗೇನು."

ಅವರು ನೂಡಲ್ಸ್ ತೊಳೆಯಲು ಹೋದರು. ಆದರೆ ಹಬೆಯೇ ಕೊಂದದ್ದು ಎಂದು ನಂಬಿದವರು ಒಲೆಯ ಗೋಡೆಗೆ ಸ್ವಿಚ್ ನೇತುಹಾಕಲು ಒಪ್ಪುತ್ತಾರೆಯೇ. ಸಂಜೆ ಎಲ್ಲರೂ ತೈಪೆ ಎನ್ನುತ್ತಾರೆ. ಕೆಂಪು ಬಾಗಿಲು ಬೇರೆ ಊರಿನ ಯಾವುದೋ ಕೋಣೆಗೆ ಹೋಗುತ್ತದೆ, ಇವರು ಅದರ ಮುಂದೆ ನೆಂಟರ ಹಾಗೆ ನಿಲ್ಲುತ್ತಾರೆ. ಗುಂಪಿನಲ್ಲಿ ಬರೆಯೋಣವೆಂದು ಫೋನ್ ತೆಗೆದೆ. ನಾಲ್ಕು ಸಲ ಬರೆದು ಅಳಿಸಿದೆ. ಬರೆದರೆ ನನ್ನ ತಪ್ಪನ್ನು ಅಲ್ಲಿ ಇಲ್ಲಿ ತಿದ್ದಿ ಚಿಕ್ಕದು ಮಾಡುತ್ತಿದ್ದೆ.

ಯಿ-ಆನ್‌ಳನ್ನು ಸೊಂಟಕ್ಕೆ ಏರಿಸಿಕೊಂಡು ಉಗ್ರಾಣದ ಬೆಚ್ಚನೆಯ ಗೋಡೆಗೆ ಒರಗಿ ನಿಂತೆ. ವೆನ್-ಲಿಯಾಂಗ್ ಅವರ ನಂಬರ್ ಒತ್ತಿದೆ. ಆರು ಸಲ ರಿಂಗಾಯಿತು. ಆಚೆ ಕಡೆ ಟಯರಿಗೆ ಗಾಳಿ ತುಂಬುವ ಸದ್ದು, ಪಿಂಗ್‌ಟುಂಗ್‌ನ ಬಿಸಿಲು.

"ಹೇಳಮ್ಮ. ಅಕ್ಕ ಹುಷಾರಾಗಿದಾರಾ?"

"ಹುಷಾರಾಗಿದಾರೆ ಅಣ್ಣ. ಒಲೆ ಒಳಗೆ ತಂದ್ವಿ. ಮತದ ಮೊದ್ಲು ನಾನೊಂದು ಮಾತು ಹೇಳ್ಬೇಕು. ಆ ಪೆಟ್ಟಿಗೆ ಸತ್ತಿದ್ದು ಹಬೆಯಿಂದ ಅಲ್ಲ."