ನವಿಲುನೀಲಿ ಪಿಸ್ತೂಲು

ಪಿಸ್ತೂಲಿಗೆ ನವಿಲುನೀಲಿ ಬಣ್ಣ ಹೊಡೆಯುವ ದುರ್ಬುದ್ಧಿ ನನಗೆ ಯಾಕೆ ಬಂತೋ ಇವತ್ತಿಗೂ ತಿಳಿಯದು. 2020ರಲ್ಲಿ ಕೋವಿಡ್ ಬಂದು ಅಂಗಡಿಗಳಿಂದ ಅಕ್ಕಿ, ಟಾಯ್ಲೆಟ್ ಪೇಪರ್ ಮಾಯವಾದಾಗ, ಅಮೆರಿಕದ ಸ್ಟರ್ಲಿಂಗಿನ ನಮ್ಮ ಬೀದಿಯವರೆಲ್ಲ ಬಂದೂಕು ಕೊಳ್ಳುತ್ತಿದ್ದಾರೆಂದು ಕೇಳಿ, ಹೆದರಿ ನಾನೂ ಕೊಂಡದ್ದು ಅದು. ಹೆಂಡತಿ ಮೂರು ದಿನ ಮಾತು ಬಿಟ್ಟಳು. ಕೊನೆಗೆ, "ಬೀಗ ಹಾಕಿದ ಪೆಟ್ಟಿಗೇಲೇ ಇರ್ಬೇಕು. ಮಗು ಕಣ್ಣಿಗೆ ಯಾವತ್ತೂ ಬೀಳಕೂಡ್ದು" ಎಂದು ಷರತ್ತು ಹಾಕಿದಳು. ನಾನೂ ಹೂಂ ಅಂದೆ.

ನಾಲ್ಕು ವರ್ಷ ಅದು ಪೆಟ್ಟಿಗೆಯಲ್ಲೇ ಇತ್ತು. ಆಮೇಲೆ ವಿಡಿಯೋ ನೋಡುವ ಚಟಕ್ಕೆ ಬಿದ್ದೆ. ಸೆರಾಮಿಕ್ ಬಣ್ಣವಂತೆ, ಗೀರು ಬೀಳುವುದಿಲ್ಲವಂತೆ, ಮನೆಯಲ್ಲೇ ಮಾಡಬಹುದಂತೆ! ಗ್ಯಾರೇಜಿನಲ್ಲಿ ಕೂತು ಪಿಸ್ತೂಲು ಬಿಚ್ಚಿ, ಜಿಡ್ಡು ತೆಗೆದು, ಮಾಸ್ಕ್ ಹಾಕಿಕೊಂಡು ಬಣ್ಣ ಸ್ಪ್ರೇ ಮಾಡಿದೆ. ಬಿಡಿಭಾಗಗಳನ್ನು ತಂತಿಗೆ ನೇತುಹಾಕಿ ಹಳೇ ಟೋಸ್ಟರ್ ಅವನ್‌ನಲ್ಲಿ ಬೇಯಿಸಿದೆ. "ನನ್ನ ಅವನ್ ಹಾಳು ಮಾಡಿದ್ರಲ್ರೀ!" ಎಂದು ಹೆಂಡತಿ ಕಿರುಚಿದಳು. ಬಣ್ಣ ಮಾತ್ರ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ನಾಲ್ಕು ಜನಕ್ಕೆ ತೋರಿಸದಿದ್ದರೆ ಹೊಟ್ಟೆ ನೋಯುವ ಹಾಗಾಯಿತು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಮಣೆಯ ಮೇಲೆ ಲ್ಯಾಪ್‌ಟಾಪ್, ಚಾಕು, ಸುತ್ತಿಗೆ, ಕಾರಿನ ಕೀ. ಅವುಗಳ ನಡುವೆ ನಾನು ಪಿಸ್ತೂಲನ್ನೂ ಇಟ್ಟೆ.

"ಏನ್ರೀ ಇದು, ತಲೆ ಕೆಟ್ಟಿದ್ಯಾ?"

"ಲ್ಯಾಪ್‌ಟಾಪಿಗೆ ಪೂಜೆ ಮಾಡ್ತೀಯಾ, ಇದಕ್ಕೆ ಬೇಡ್ವಾ? ಐದೇ ನಿಮಿಷ ಕಣೇ."

"ಪುಟ್ಟಿ ಸ್ನಾನ ಮುಗಿಸಿ ಬರೋಷ್ಟ್ರಲ್ಲಿ ಎತ್ತಿಡಿ ಮತ್ತೆ" ಎಂದು ಬೈಯುತ್ತಲೇ ಹೆಂಡತಿ ಅಡುಗೆಮನೆಗೆ ಹೋದಳು. ನಾನು ಕುಂಕುಮದ ಬಟ್ಟಲು ಹಿಡಿದು ಕಾರಿಗೆ ಬೊಟ್ಟಿಡಲು ಹೊರಗೆ ಹೋದೆ. ಎತ್ತಿಡದೆಯೇ ಹೋದೆ.

ಒಳಗೆ ಬಂದಾಗ ಆರು ವರ್ಷದ ಮಗಳು ರೇಷ್ಮೆ ಲಂಗದಲ್ಲಿ ಮಣೆಯ ಮುಂದೆ ನಿಂತಿದ್ದಳು. ಎರಡೂ ಕೈಯಲ್ಲಿ ಪಿಸ್ತೂಲು. ಅದರ ಮೂತಿ ನನ್ನ ಹೊಟ್ಟೆಯ ಕಡೆಗಿತ್ತು.

"ಅಪ್ಪಾ, ಹ್ಯಾಂಡ್ಸ್ ಅಪ್!"

ಬಾಯಿ ತೆರೆಯುವಷ್ಟರಲ್ಲಿ ಟಕ್ ಎಂದು ಸದ್ದಾಯಿತು.

ಅಷ್ಟೇ, ಟಕ್. ಕೈಯಲ್ಲಿದ್ದ ಬಟ್ಟಲು ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಹೋಗಿ ಅವಳ ಕೈಯಿಂದ ಪಿಸ್ತೂಲು ಕಿತ್ತುಕೊಂಡು ತೆರೆದು ನೋಡಿದೆ. ಖಾಲಿ. ಮತ್ತೆ ನೋಡಿದೆ. ಖಾಲಿಯೇ. ಆದರೆ ಅದೇ ಬೆಳಿಗ್ಗೆ, ಹೊಸ ಬಣ್ಣ ಉಜ್ಜಿಹೋಗುತ್ತದೆಯೇ ನೋಡೋಣವೆಂದು ಗುಂಡು ತುಂಬಿದ ಮ್ಯಾಗಜೀನನ್ನು ಎರಡು ಸಲ ಒಳಗೆ ತಳ್ಳಿ ಹೊರಗೆ ತೆಗೆದಿದ್ದೆ. ಆಮೇಲೆ ಒಳಗೊಂದು ಗುಂಡು ಉಳಿದಿದೆಯೇ ಎಂದು ನೋಡಿದ್ದೆನೇ? ಎಷ್ಟು ನೆನಪಿಸಿಕೊಂಡರೂ ನೋಡಿದ ನೆನಪಿಲ್ಲ. ಅಯ್ಯೋ ದೇವರೇ, ಅವಳು ಅದನ್ನು ತನ್ನ ಕಡೆಗೇ ತಿರುಗಿಸಿಕೊಂಡಿದ್ದರೆ? ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಯಾಕೆ ಮುಟ್ದೆ ಪುಟ್ಟಿ?" ಎಂದೆ.

ಅವಳಿಗೆ ಅಳು ಬಂದಿತ್ತು. "ಟಾಯ್ ಅಲ್ವಾ? ಇಟ್ಸ್ ಬ್ಲೂ. ರಿಯಲ್ ಗನ್ ಬ್ಲ್ಯಾಕ್ ಇರತ್ತೆ. ಸ್ಕೂಲಲ್ಲಿ ಟೀಚರ್ ಪಿಕ್ಚರ್ ತೋರ್ಸಿದ್ರು. ರಿಯಲ್ ಗನ್ ನೋಡಿದ್ರೆ ಡೋಂಟ್ ಟಚ್, ರನ್, ಟೆಲ್ ಎ ಗ್ರೋನಪ್ ಅಂತ. ನಂಗೊತ್ತು."

ಮಗುವಿಗೆ ಎಲ್ಲ ಗೊತ್ತಿತ್ತು. ಅವಳಿಗೆ ಗುರುತು ಸಿಗದ ಹಾಗೆ ಬಣ್ಣ ಬಳಿದವನು ನಾನೇ.

"ಇದು ರಿಯಲ್ಲಾ ಅಪ್ಪಾ?"

ಸುಳ್ಳು ಹೇಳಬಹುದಿತ್ತು. ಆದರೆ ಮುಂದಿನ ಸಲವೂ ಮುಟ್ಟುತ್ತಾಳೆ ಅನ್ನಿಸಿತು. "ಹೂಂ ಪುಟ್ಟಿ. ನಿಜವಾದದ್ದೇ" ಅಂದೆ.

ಅವಳು ಪಿಸ್ತೂಲನ್ನು ನೋಡಿದಳು, ನನ್ನ ಮುಖ ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದು, ಲಂಗ ಎತ್ತಿ ಹಿಡಿದುಕೊಂಡು ಅಡುಗೆಮನೆಯ ಕಡೆ ಓಡಿದಳು.

"ಅಮ್ಮಾ! ಅಮ್ಮಾ! ಅಪ್ಪನ ಹತ್ರ ಗನ್ ಇದೆ!"