ಕಾಜಾ ಹಾಕುತ್ತಿದ್ದ ಟೈಲರಣ್ಣ

ಮೊನ್ನೆ ಆನವಟ್ಟಿಯ ಸಂತೆಬೀದಿಯಲ್ಲಿ ಯಾರೋ ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಒದ್ದೆ ಬಟ್ಟೆ ಉಜ್ಜುತ್ತಿದ್ದರು. ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಟೈಲರಣ್ಣ ನೆನಪಾದರು. ಜೊತೆಗೇ ಸಿಟ್ಟೂ ಬಂತು. ಇಷ್ಟು ವಯಸ್ಸಾದರೂ ಆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ.

ಐವತ್ತರ ದಶಕದ ಕೊನೆ. ನಾನು ಶಿಕಾರಿಪುರದಿಂದ ಆನವಟ್ಟಿಗೆ ಸೊಸೆಯಾಗಿ ಬಂದ ಹೊಸತು. ಟೈಲರಣ್ಣ ಬೆಂಗಳೂರಿನ ಆಸ್ಪತ್ರೆಯಿಂದ ಮರಳಿದ್ದೂ ಆಗಲೇ. ಮೊದಲು ಅವರಿಗೆ ಯಾರೂ ಇಲ್ಲದ ಕಡೆಯಿಂದ ದನಿಗಳು ಕೇಳಿಸುತ್ತಿದ್ದವಂತೆ, ಜನ ಕೊಲ್ಲಲು ಬರುತ್ತಾರೆಂಬ ಭಯವಂತೆ... ಹೊಸ ಮಾತ್ರೆಗಳಿಂದ ಅದೆಲ್ಲ ನಿಂತಿತ್ತು. ಬಿಡದೆ ನುಂಗಬೇಕು, ಕೈಗೆ ಕೆಲಸ ಕೊಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೊತ್ತುಹೊತ್ತಿಗೆ ಉಣ್ಣುತ್ತಿದ್ದರು, ನನ್ನನ್ನು ಕಂಡರೆ "ಊಟ ಆತೇನಮ್ಮಾ?" ಎಂದು ನಗುತ್ತಿದ್ದರು. ಇನ್ನೇನು ಬೇಕಿತ್ತು ಈ ಜನಕ್ಕೆ?

ಟೈಲರಂಗಡಿಯಲ್ಲಿ ಕತ್ತರಿ ಹಿಡಿದವನೇ ಯಜಮಾನ. ಮುಂಚೆ ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಿದ್ದವರು ಇವರೇ, ಅವರ ತಮ್ಮ ಹೊಲಿಯುತ್ತಿದ್ದ. ಈಗ ಆ ತಮ್ಮನೇ ಕತ್ತರಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ. ಹುಚ್ಚನ ಕೈಗೆ ಕತ್ತರಿ ಕೊಟ್ಟರೆ ಗಿರಾಕಿ ಬರುತ್ತಾರೆಯೇ ಎಂದ. ಇಡೀ ಬೀದಿ ಹೌದೌದು ಎಂದು ತಲೆಯಾಡಿಸಿತು. ಅಷ್ಟು ಪಳಗಿದ ಕೈಗೆ ಗುಂಡಿ ತೂರುವ ತೂತಿಗೆ ಕಾಜಾ ಹಾಕುವ, ಗುಂಡಿ ಹಚ್ಚುವ ಕೆಲಸ! ಅದೂ ಅಂಗಡಿಯ ಹಿಂದಿನ ಮೂಲೆಯಲ್ಲಿ, ಗಿರಾಕಿಗಳಿಗೆ ಕಾಣದ ಹಾಗೆ.

ಮದುವೆಗಳ ಕಾಲ ಬಂತು. ಕುಬಟೂರು, ಬಳ್ಳಿಗಾವಿ ಕಡೆಯ ಮದುಮಕ್ಕಳಿಗೆಲ್ಲ ಕೋಟು ಬೇಕು. ತಮ್ಮನಿಗೆ ಕೋಟು ಕತ್ತರಿಸಲು ಬಾರದು. ಆಗ ಅಣ್ಣ ಬೇಕಾದರು. ಆದರೆ ಮಾತ್ರೆಯಿಂದ ಅವರ ಕೈ ಸಣ್ಣಗೆ ನಡುಗುತ್ತಿತ್ತು, ಕೂತಲ್ಲೇ ಜೊಂಪು ಹತ್ತುತ್ತಿತ್ತು.

"ಮಾತ್ರೆ ಬಿಡಣ್ಣ, ಕತ್ತರಿ ಕೊಡ್ತೀನಿ. ಆರಾಮಿದೀಯಲ್ಲ, ಇನ್ಯಾಕದು?" ಎಂದು ಆ ತಮ್ಮ ಅವರ ಮನೆಯ ಜಗಲಿಯಲ್ಲೇ ಹೇಳಿದ.

"ಡಾಕ್ಟ್ರು ಬಿಡಬ್ಯಾಡ ಅಂದಾರಲ್ರೀ!" ಎಂದು ನಾನು ಬೇಲಿಯಾಚೆಯಿಂದ ಕೂಗಿದರೆ, "ನಿನ್ನೆ ಮೊನ್ನೆ ಬಂದೋಳಿಗೆ ಊರ ಉಸಾಬರಿ ಯಾಕೆ?" ಎಂದು ನಮ್ಮತ್ತೆ ಒಳಗೆಳೆದುಕೊಂಡರು.

ಟೈಲರಣ್ಣ ಮಾತ್ರೆ ಬಿಟ್ಟರು. ಕತ್ತರಿಯ ಆಸೆ ತೋರಿಸಿದರೆ ಬಿಡದೆ ಏನು ಮಾಡುತ್ತಾರೆ? ಕೆಲವೇ ದಿನಗಳಲ್ಲಿ ನಡುಕ ನಿಂತಿತು. ಕೋಟುಗಳು ಹೇಳಿ ಮಾಡಿಸಿದ ಹಾಗೆ ಮೈಗೆ ಕೂತವು. "ನೋಡಮ್ಮಾ, ಕೈ ಮರ್ತಿಲ್ಲ" ಎಂದಾಗ ಅವರ ಮುಖದಲ್ಲಿ ಎಂಥ ಕಳೆಯಿತ್ತು... ಮಾತ್ರೆಯೇ ರೋಗ ಎಂದು ಬೀದಿ ತೀರ್ಪು ಕೊಟ್ಟಿತು.

ಆಮೇಲೆ ದನಿಗಳು ತಿರುಗಿ ಬಂದವು. ಅರ್ಧ ಕತ್ತರಿಸಿದ ಬಟ್ಟೆ ಬಿಟ್ಟು ಮೇಜಿನ ಕೆಳಗೆ ಅಡಗಿ ಕೂತರು. ಯಾರ ಮೈಮೇಲೂ ಹೋದವರಲ್ಲ. ಆದರೂ ಮನೆಯವರು ಅವರನ್ನು ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದರು. ಆಸ್ಪತ್ರೆಗೆ ಕರೆದೊಯ್ಯಲು ತಮ್ಮನಿಗೆ ಪುರುಸೊತ್ತಿಲ್ಲ. ಮದುವೆಗಳು ಮುಗಿಯಲಿ ಅಂದ. ಒಂದು ಮಧ್ಯಾಹ್ನ ಊಟ ಕೊಡಲು ಬಾಗಿಲು ತೆಗೆದಾಗ ಓಡಿದವರು ಮತ್ತೆ ಕಾಣಲಿಲ್ಲ. ಹುಡುಕಿಕೊಂಡು ಹೋದವರೂ ಇಲ್ಲ. ಅವರು ಕತ್ತರಿಸಿದ ಕೋಟು ತೊಟ್ಟು ಹೋಳಿಗೆ ಉಂಡವರು "ಪಾಪ, ಅವನ ಹಣೇಬರ" ಅಂದರು. ಹಣೆಬರಹವಂತೆ! ನಾಚಿಕೆಯಾಗಬೇಕು.

ಈಗ ನಮ್ಮ ಎದುರುಮನೆಯ ಸೊಸೆ ಅಂಥದೇ ಕಾಯಿಲೆಗೆ ಮಾತ್ರೆ ನುಂಗಿಕೊಂಡು ಅಂಗನವಾಡಿ ನಡೆಸುತ್ತಾಳೆ. ಹೋದ ವಾರ ಅವಳ ಅತ್ತೆ ಬಂದು, "ಆರಾಮಿದಾಳಲ್ರೀ, ಇನ್ಯಾಕೆ ಮಾತ್ರೆ?" ಎಂದರು.

"ಆರಾಮಿರೋದೇ ಅದ್ರಿಂದ ಕಣ್ರೀ! ಬಿಡಿಸಿದ್ರೆ ನೋಡಿ ಮತ್ತೆ!" ಎಂದು ಬೀದಿಗೇ ಕೇಳುವಂತೆ ಕೂಗಿದೆ. ಆಕೆ ಮುನಿಸಿಕೊಂಡು ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದ್ದಾರೆ. ಮುನಿಸು ಇಳಿದ ದಿನ ಬರುತ್ತಾರೆ. ಟೈಲರಣ್ಣ ಬರುವುದಿಲ್ಲ.