ಬ್ಯಾಟರಿ ಕಾಕಾ ದೋಣಿ ಹತ್ತಿದ ದಿನ

ಮೊನ್ನೆ ದೋಣಿಯ ಹಿಂಬದಿಯ ಹಲಗೆ ಎತ್ತಿದಾಗ ಕೆಟ್ಟ ಮೊಟ್ಟೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹತ್ತಿ ಕೂತಿದ್ದ ಹೆಣ್ಣುಮಕ್ಕಳು ಸೆರಗು ಮೂಗಿಗೆ ಹಿಡಿದು, ಒಳಗೆ ಇಲಿ ಸತ್ತಿದೆಯೇನು ಎಂದು ಕೇಳಿದರು. ಇಲಿ ಅಲ್ಲ, ಬ್ಯಾಟರಿ ಸಾಯುತ್ತಿದೆ ಎಂದೆ. ಕೆಟ್ಟುಹೋಗಿ ಮಿತಿಮೀರಿ ಕಾದ ಬ್ಯಾಟರಿ ಹೀಗೇ ನಾರುತ್ತದೆ. ಎಲ್ಲರೂ ಮುಖ ತಿರುಗಿಸಿದರು. ನಾನು ಮಾತ್ರ ಒಂದು ಗಳಿಗೆ ಅಲ್ಲೇ ಬಗ್ಗಿ ನಿಂತುಬಿಟ್ಟೆ. ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ಅಂಗಡಿ ಯಾವಾಗಲೂ ಹೀಗೇ ನಾರುತ್ತಿತ್ತು... ಅದರೊಳಗೆ ಕೂತಿರುತ್ತಿದ್ದ ಕಾಕಾ ನೆನಪಾದರು.

ಸುತ್ತಲ ಊರವರೆಲ್ಲ ಅವರನ್ನು ಬ್ಯಾಟರಿ ಕಾಕಾ ಎಂದೇ ಕರೆಯುತ್ತಿದ್ದರು. ಟ್ರ್ಯಾಕ್ಟರ್, ಲಾರಿ, ಮದುವೆಯ ಮೈಕ್ ಸೆಟ್ಟು, ಯಾವುದರ ಬ್ಯಾಟರಿ ಸತ್ತರೂ ಅವರಲ್ಲಿಗೇ ಬರಬೇಕು. ಕೊಟ್ಟೂರು, ಹಡಗಲಿ ಕಡೆಯಿಂದಲೂ ಗಿರಾಕಿಗಳು ಬರುತ್ತಿದ್ದರು. ಆಸಿಡ್ ಸಿಡಿದು ಸಿಡಿದು ಅವರ ಅಂಗಿ ಜರಡಿಯಾಗಿತ್ತು. ಬಾಯಿ ಬಹಳ ಜೋರು. ಬ್ಯಾಟರಿಗೆ ನೀರು ಹಾಕದೆ ಒಣಗಿಸಿ ತಂದವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳಿಗಾದರೂ ನೀರು ಕೊಡುತ್ತೀರೋ ಇಲ್ಲವೋ ಎಂದು ಎಲ್ಲರೆದುರೇ ಕೇಳಿಬಿಡುತ್ತಿದ್ದರು. ಬೈಸಿಕೊಂಡವರು ಮುಂದಿನ ಸಲವೂ ಅಲ್ಲಿಗೇ ಹೋಗುತ್ತಿದ್ದರು.

ನಮ್ಮದು ತುಂಗಭದ್ರೆಯ ಹಿನ್ನೀರಿನ ದಂಡೆಯ ಊರು. ಎದುರು ದಂಡೆಗೆ ರಸ್ತೆ ಸುತ್ತಿ ಹೋದರೆ ಅರ್ಧ ದಿನ ಹಿಡಿಯುತ್ತದೆ, ದೋಣಿಯಲ್ಲಾದರೆ ಬಾಯಲ್ಲಿನ ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಮುಟ್ಟಬಹುದು. ನನ್ನ ಗಂಡ ಮತ್ತು ಮೈದುನ ಸೇರಿ ಕರಾವಳಿಯ ಕಡೆಯಿಂದ ಒಂದು ಹಳೆಯ ಮೋಟಾರು ದೋಣಿ ತಂದಿದ್ದರು. ಹಿಂದೆ ಎರಡು ಎಂಜಿನ್, ಒಂದೊಂದಕ್ಕೆ ಒಂದೊಂದು ಬ್ಯಾಟರಿ. ಒಂದು ಕೈಕೊಟ್ಟರೆ ಇನ್ನೊಂದು ದಡ ಮುಟ್ಟಿಸಲಿ ಎಂಬ ಲೆಕ್ಕ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ದೋಣಿಯ ಕೀಲಿ ನನ್ನ ಕೈಗೆ ಬಂತು. ಅಂಬಿಗರ ಮನೆಯ ಮಗಳು ನಾನು, ನೀರು ಹೊಸದಲ್ಲ; ಎಂಜಿನ್ ಕೆಲಸವನ್ನು ಗಂಡನ ಪಕ್ಕ ಕೂತು ಕಲಿತಿದ್ದೆ. ಮೈದುನನಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಹೆಂಗಸಿನ ಕೈಗೆ ದೋಣಿ ಕೊಟ್ಟು ಮನೆತನದ ಮಾನ ಹೋಯಿತು ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದ.

ಆ ವರ್ಷ ಮಳೆ ಚೆನ್ನಾಗಿ ಬಂದು ಹಿನ್ನೀರು ತುಂಬಿತ್ತು. ಮೊದಲು ಬಲಗಡೆಯ ಎಂಜಿನ್ನಿನ ಬ್ಯಾಟರಿ ತಕರಾರು ತೆಗೆಯಿತು. ಸೆಲ್ಫ್ ಹೊಡೆದರೆ ಟಕ್ ಎನ್ನುವುದು, ಸುಮ್ಮನಾಗುವುದು. ಎರಡೂ ಬ್ಯಾಟರಿಗಳನ್ನು ಕೂಡಿಸುವ ಸ್ವಿಚ್ಚೊಂದು ದೋಣಿಯಲ್ಲಿತ್ತು. ಅದನ್ನು ತಿರುಗಿಸಿ, ಎಡಗಡೆಯದರ ಬಲದಿಂದ ಬಲಗಡೆಯ ಎಂಜಿನ್ನನ್ನೂ ಎಬ್ಬಿಸುತ್ತಿದ್ದೆ. ಸ್ವಲ್ಪ ದಿನದಲ್ಲಿ ಎಡಗಡೆಯದೂ ಸೊರಗಿತು. ಎರಡನ್ನೂ ಬಸ್ಸಿಗೆ ಹಾಕಿಕೊಂಡು ಕಾಕಾನ ಅಂಗಡಿಗೆ ಒಯ್ದೆ. ಅವರು ಚಾರ್ಜಿಗೆ ಹಾಕಿ, ಒಂದೊಂದು ಬಿರಡೆಯನ್ನೂ ತೆಗೆದು ಒಳಗಿನ ನೀರನ್ನು ಗಾಜಿನ ನಳಿಗೆಯಲ್ಲಿ ಎಳೆದು ನೋಡಿ, ಬ್ಯಾಟರಿಗೆ ಏನೂ ಆಗಿಲ್ಲ, ರೋಗ ನಿನ್ನ ಎಂಜಿನ್ನಿನದು ಎಂದರು. ಹೊಸಪೇಟೆಯಿಂದ ಬಂದ ಎಂಜಿನ್ ಮೆಕ್ಯಾನಿಕ್ ದಡದಲ್ಲೇ ಎಂಜಿನ್ ಚಾಲೂ ಮಾಡಿ ನೋಡಿ, ಎಂಜಿನ್ ಬಂಗಾರದಂತಿದೆ, ರೋಗ ಬ್ಯಾಟರಿಯದು ಎಂದ. ಇಬ್ಬರ ನಡುವೆ ಆ ಭಾರ ಹೊತ್ತು ನಾನು ತಿರುಗಿದ್ದೇ ತಿರುಗಿದ್ದು.

ಹೀಗಿರುವಾಗ ಒಂದು ಸಂತೆಯ ದಿನ ದೋಣಿ ತುಂಬ ಜನ ಹತ್ತಿದ್ದರು. ನಡುನೀರಿನಲ್ಲಿ ಯಾರದೋ ಹರಿದ ಬಲೆ ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಂಡಿತು. ಎರಡೂ ಎಂಜಿನ್ ಆರಿಸಿ ಬಲೆ ಬಿಡಿಸಿದೆ. ಮತ್ತೆ ಕೀಲಿ ತಿರುಗಿಸಿದರೆ ಎರಡೂ ಏಳಲಿಲ್ಲ. ಗಾಳಿ ಎದ್ದು ದೋಣಿ ಅಡ್ಡ ತಿರುಗಿತು, ನೀರು ಒಳಗೆ ಹಾರತೊಡಗಿತು. ಒಬ್ಬ ಬಾಣಂತಿ ಕೂಸನ್ನು ಎದೆಗವಚಿಕೊಂಡು ಅಳುತ್ತಿದ್ದಳು... ಮೀನಿನವರು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದ ಮೇಲೂ ಅವಳ ಅಳು ನಿಂತಿರಲಿಲ್ಲ. ಸಂಜೆ ಊರ ಹಿರಿಯರು ಕೂಡಿದರು. ಇನ್ನೊಂದು ಸಲ ದೋಣಿ ನಡುನೀರಿನಲ್ಲಿ ನಿಂತರೆ ಕೀಲಿಯನ್ನು ಮೈದುನನಿಗೆ ಕೊಟ್ಟು ಮನೆಯಲ್ಲಿರಬೇಕು ಎಂದು ಹೇಳಿದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಗಂಡ ನನಗೆಂದು ಬಿಟ್ಟುಹೋದದ್ದು ಅದೊಂದೇ ಕೀಲಿ. ಅದೂ ಹೋದರೆ ಆ ಮನೆಯಲ್ಲಿ ನಾನು ಯಾರ ಲೆಕ್ಕದಲ್ಲೂ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮರುದಿನ ಮತ್ತೆ ಬ್ಯಾಟರಿಗಳನ್ನು ಹೊತ್ತು ಕಾಕಾನ ಮುಂದೆ ನಿಂತೆ. ಅಂಗಡಿಯಲ್ಲಿ ಕೂತು ನೋಡಿದರೆ ಇದು ಸಿಗುವುದಿಲ್ಲ, ನೀವೇ ಬಂದು ದೋಣಿ ನಡೆಯುವಾಗ ನೋಡಬೇಕು ಎಂದೆ. ಕಾಕಾ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು. ದಂಡೆಯ ತನಕ ಬರುತ್ತೇನೆ, ದೋಣಿ ಮಾತ್ರ ಹತ್ತುವುದಿಲ್ಲ ಎಂದರು. ಇಷ್ಟು ದೊಡ್ಡವರಿಗೆ ನೀರಿನ ಅಂಜಿಕೆಯೇ ಎಂದು ನಗೆಯಾಡಿದೆ. ಅವರು ನಗಲಿಲ್ಲ.

“ನಮ್ಮೂರು ಅದರಾಗ ಐತಿ, ಯವ್ವಾ,” ಅಂದರು.

ಅಣೆಕಟ್ಟು ಕಟ್ಟಿ ಊರು ಬಿಡಿಸುವಾಗ ಅವರು ಸಣ್ಣ ಹುಡುಗ. ತಾಯಿ ಅದಕ್ಕೆ ಸ್ವಲ್ಪ ಮೊದಲು ತೀರಿಕೊಂಡಿದ್ದಳು. ಊರ ಹೊರಗಿನ ಖಬರಸ್ತಾನದಲ್ಲಿ ಅವಳ ಗೋರಿ.

“ಬಾಗ್ಲಾ, ತೊಲಿ, ಬೀಸೋ ಕಲ್ಲು, ಎಲ್ಲಾ ಬಂಡ್ಯಾಗ ಹೇರಿದ್ರು. ನಮ್ಮವ್ವನ್ನ ಹೇರಾಕ ಬರ್ಲಿಲ್ಲ.”

ನನ್ನ ದೋಣಿಯ ಹಾದಿ ಸರಿಯಾಗಿ ಆ ಜಾಗದ ಮೇಲೆಯೇ ಹೋಗುತ್ತಿತ್ತು. ಗೋರಿಯ ಮೇಲೆ ಹಾದು ಹೋಗಬಾರದು ಎಂದು ಅವರ ಅಪ್ಪ ಕಲಿಸಿದ್ದರು. ಅದಕ್ಕೇ ಎದುರು ದಂಡೆಯಲ್ಲಿ ನೆಂಟರ ಮದುವೆಯಿದ್ದರೂ ಅವರು ಬಸ್ಸಿನಲ್ಲಿ ಸುತ್ತು ಹಾಕಿ ಹೋಗುತ್ತಿದ್ದರು. ಬರಗಾಲದ ಬೇಸಿಗೆಯಲ್ಲಿ ನೀರು ಪೂರಾ ಇಳಿದಾಗ, ಬಿರಿದ ಕೆಸರಿನ ಮೇಲೆ ನಡೆದು ಆ ಜಾಗಕ್ಕೆ ಹೋಗಿ ಬಂದಿದ್ದರಂತೆ. ಗೋರಿಯ ಕಲ್ಲು ಹೂಳಿನಲ್ಲಿ ಹೂತುಹೋಗಿತ್ತು. ಹಳೆಯ ತಲೆಯ ಒಬ್ಬರನ್ನು ಕರೆದೊಯ್ದು ಜಾಗ ಗುರುತಿಸಿಕೊಂಡು, ಅಲ್ಲಿ ನಿಂತರೆ ಯಾವ ಗುಡ್ಡದ ಹಿಂದೆ ಯಾವ ಗುಡ್ಡ ಕಾಣುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಇಷ್ಟು ಹೇಳಿ, ಬಹಳ ದಿನದಿಂದ ಒಳಗಿಟ್ಟುಕೊಂಡ ಒಂದು ಮಾತನ್ನೂ ಹೇಳಿದರು.

“ಎಲ್ಲಾರೂ ಮಳಿ ಬರ್ಲಿ ಅಂತಾರ. ನನಗ ಒಳಗೊಳಗ ನೀರು ಇಳೀಲಿ ಅನಸ್ತತಿ. ಇದು ಪಾಪ ಅಲ್ಲೇನು?”

ಮತ್ತೆ ಬನ್ನಿ ಎಂದು ಕರೆಯಲಿಲ್ಲ. ಚಾರ್ಜ್ ಆದ ಬ್ಯಾಟರಿಗಳನ್ನು ಎತ್ತಿಕೊಂಡು ಬಂದು ದೋಣಿಯಲ್ಲಿ ಕೂಡಿಸಿ, ಜನರನ್ನು ಹತ್ತಿಸುವ ಧೈರ್ಯವಾಗದೆ ದಡದಲ್ಲೇ ಕಟ್ಟಿಹಾಕಿದೆ.

ಎರಡು ಮೂರು ದಿನ ಕಳೆದ ಮೇಲೆ ಬೆಳಗಿನ ಬಸ್ಸಿಗೆ ಅವರೇ ಬಂದಿಳಿದರು. ಬಗಲಲ್ಲಿ ಚೀಲ, ಅದರಲ್ಲಿ ಮೀಟರು, ಇಕ್ಕಳ, ಎಲೆಯಲ್ಲಿ ಕಟ್ಟಿದ ಒಂದು ಪೊಟ್ಟಣ. ಸಂತೆಯ ಜನರ ಬಾಯಲ್ಲಿ ದೋಣಿ ನಿಂತ ಕಥೆಯನ್ನು ಪೂರಾ ಕೇಳಿಸಿಕೊಂಡಿದ್ದರು.

“ಬ್ಯಾಟರಿ ಚಲೋ ಅದಾವ ಅಂತ ನಾ ಹೇಳಿದ್ದೆ. ಆ ಕೂಸಿನ ತಾಯಿ ನನ್ನ ಮಾತಿನ ಮ್ಯಾಲ ದೋಣ್ಯಾಗ ಕುಂತಿದ್ಲು. ನಡಿ,” ಎಂದರು.

ನಾನು ಬೇಡ ಎನ್ನಲಿಲ್ಲ. ಅವರು ಬೇಕೇ ಬೇಕಾಗಿದ್ದರು. ಅವರು ಚಪ್ಪಲಿಯನ್ನು ದಂಡೆಯ ಕಲ್ಲಿನ ಮೇಲೆ ಬಿಟ್ಟು ಬರಿಗಾಲಲ್ಲಿ ದೋಣಿ ಹತ್ತಿದರು. ಮೈದುನ ದೂರದಲ್ಲಿ ಬೀಡಿ ಸೇದುತ್ತ ನಮ್ಮನ್ನೇ ನೋಡುತ್ತಿದ್ದ.

ಮೊದಲು ಕಟ್ಟಿದ ಜಾಗದಲ್ಲೇ ಎರಡೂ ಎಂಜಿನ್ ಎಬ್ಬಿಸಿದೆ. ಕಾಕಾ ಎರಡೂ ಬ್ಯಾಟರಿಗೆ ಮೀಟರು ಹಿಡಿದರು. ಎರಡೂ ಚಾರ್ಜ್ ತೆಗೆದುಕೊಳ್ಳುತ್ತಿದ್ದವು. ಮೆಕ್ಯಾನಿಕ್ ನೋಡಿದ್ದೂ ಇಷ್ಟೇ ಎಂದು ಗೊಣಗಿದರು. ಜೋರಾಗಿ ಓಡಿಸಿ ನೋಡಬೇಕಾಗಿತ್ತು. ದಂಡೆಯ ಹತ್ತಿರ ಮುಳುಗಿದ ಮರದ ಬೊಡ್ಡೆಗಳು, ಬಲೆಗಳು, ಅಲ್ಲಿ ಓಡಿಸಲಾಗದು. ನಡುನೀರಿಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಅವರ ಮುಖ ನೋಡಿದೆ. ಹೂಂ ಎಂದು ಗೋಣು ಆಡಿಸಿ, ಹಿಂದಿನ ಹಲಗೆ ಹಿಡಿದು, ನೀರಿಗೆ ಮುಖ ಮಾಡದೆ ಕೂತರು.

ನಿಧಾನ ಹೋಗುವಾಗ ಮೀಟರಿನ ಮುಳ್ಳು ಅಲುಗಲಿಲ್ಲ. ವೇಗ ಏರಿಸಿದೆ. ದೋಣಿಯ ಮೂಗು ಎದ್ದು ಹಿಂಬದಿ ತಗ್ಗಿತು. ಆಗ ಬಲಗಡೆಯ ಬ್ಯಾಟರಿಗೆ ಹಿಡಿದಿದ್ದ ಮೀಟರಿನ ಮುಳ್ಳು ಬಿದ್ದಿತು. ಇಳಿಸು ಎಂದರು, ಇಳಿಸಿದೆ; ಮುಳ್ಳು ಎದ್ದಿತು. ಏರಿಸು ಎಂದರು; ಮತ್ತೆ ಬಿದ್ದಿತು. ಕಾಕಾಗೆ ಹುರುಪು ಬಂತು. ತಾವು ಎಲ್ಲಿದ್ದೇವೆ ಎಂಬುದೇ ಅವರಿಗೆ ಮರೆತುಹೋಯಿತು. ಎಮ್ಮೆ ಹೊಡೆದಂತೆ ಹೊಡೆಯಬೇಡ, ಸರಿಯಾಗಿ ನಡೆಸು ಎಂದು ನನ್ನನ್ನು ಬೈಯುತ್ತ, ಬಲಗಡೆಯ ಮೈನಸ್ ವೈರಿನ ಗುಂಟ ಬೆರಳಾಡಿಸುತ್ತ ಹೋದರು. ಕೊನೆಯಲ್ಲಿ ಸುತ್ತಿದ್ದ ಟೇಪು ಬಿಚ್ಚಿದರು. ವೈರಿನ ತುದಿಯ ತಾಮ್ರದ ಬಳೆ ಹಸಿರುಗಟ್ಟಿ, ನಾಲ್ಕು ಎಳೆಗಳಲ್ಲಷ್ಟೇ ಜೋತುಬಿದ್ದಿತ್ತು. ಹಿಂಬದಿ ತಗ್ಗಿದಾಗಲೆಲ್ಲ ವೈರು ಜಗ್ಗಿ ಬಿಟ್ಟುಕೊಳ್ಳುತ್ತಿತ್ತು, ದಡದಲ್ಲಿ ನಿಂತಾಗ ತಾಕಿಕೊಂಡು ಸಾಚಾನಂತೆ ಇರುತ್ತಿತ್ತು. ಬಲಗಡೆಯದಕ್ಕೆ ದಾರಿಯುದ್ದಕ್ಕೂ ಉಪವಾಸ, ಎಡಗಡೆಯದಕ್ಕೆ ಇಬ್ಬರ ದುಡಿಮೆ. ಕಳ್ಳ ಇಲ್ಲಿ ಕೂತಿದ್ದಾನೆ ನೋಡು ಎಂದು ಕಾಕಾ ಜೋರಾಗಿ ನಕ್ಕರು. ನಗುತ್ತಲೇ ತಲೆ ಎತ್ತಿದರು.

ಎದುರಿಗೆ ಎರಡು ಗುಡ್ಡ, ಒಂದರ ಹೆಗಲ ಹಿಂದೆ ಇನ್ನೊಂದರ ನೆತ್ತಿ. ಅವರ ನಗೆ ಅಲ್ಲೇ ನಿಂತಿತು.

“ಎಂಜಿನ್ ಆರ್ಸವ್ವಾ,” ಎಂದರು. ದನಿ ಕೇಳಿಸುವಷ್ಟೂ ಇರಲಿಲ್ಲ.

ವೈರು ಇನ್ನೂ ಕೂಡಿಸಿಲ್ಲ. ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆಯೋ ಗೊತ್ತಿಲ್ಲ. ಆರಿಸಿದ ಮೇಲೆ ಏಳದಿದ್ದರೆ ಎರಡನೆಯ ಸಲ ನಡುನೀರಿನಲ್ಲಿ ನಿಂತಂತಾಯಿತು. ದಡದಲ್ಲಿ ಮೈದುನ ಅದನ್ನೇ ಕಾಯುತ್ತಿದ್ದಾನೆ. ಆದರೆ ನನಗಾಗಿ ಆ ಮನುಷ್ಯ ಎಲ್ಲಿಯ ತನಕ ಬಂದು ಕೂತಿದ್ದರು... ಎರಡೂ ಆರಿಸಿದೆ.

ನೀರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕಾಕಾ ಪೊಟ್ಟಣ ಬಿಚ್ಚಿದರು. ಹಡಗಲಿ ಮಲ್ಲಿಗೆ. ಅದನ್ನು ನೀರಿಗೆ ಬಿಟ್ಟು, ಎರಡೂ ಅಂಗೈ ತೆರೆದು ತುಟಿಯಲ್ಲೇ ಏನೋ ಓದಿದರು. ಆಮೇಲೆ ಬಗ್ಗಿ, ಮೊಣಕೈ ಮುಳುಗುವ ತನಕ ಕೈಯನ್ನು ನೀರಿಗಿಟ್ಟು ಹಾಗೇ ಇದ್ದರು. ಅತ್ತರು. ಅಷ್ಟು ವಯಸ್ಸಾದವರು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ನನಗೂ ಅಳು ಬಂತು, ತಡೆಯಲಿಲ್ಲ.

ಕಣ್ಣೊರೆಸಿಕೊಂಡು ಅವರೇ ವೈರಿನ ಕೊಳೆತ ತುದಿ ಕತ್ತರಿಸಿ, ಒಳಗಿನ ತಾಮ್ರವನ್ನು ಚಾಕುವಿನಲ್ಲಿ ಹೆರೆದು ಬಿಗಿಯಾಗಿ ಕಟ್ಟಿದರು. ನಾನು ಕಣ್ಣು ಮುಚ್ಚಿ ಸೆಲ್ಫ್ ಹೊಡೆದೆ. ಎಡಗಡೆಯದು ಎದ್ದಿತು. ಬಲಗಡೆಯದು ಸ್ವಲ್ಪ ಸತಾಯಿಸಿ ಅದೂ ಎದ್ದಿತು. ನಾವು ದಡಕ್ಕೆ ಬರುವಷ್ಟರಲ್ಲಿ ಮೈದುನ ಎದ್ದು ಹೋಗಿದ್ದ.

ಅದೇ ವಾರ ಎರಡೂ ಬ್ಯಾಟರಿ ಬದಲಾದವು. ಪದೇ ಪದೇ ಬರಿದಾಗಿ ಎರಡರ ಆಯುಷ್ಯವೂ ತೀರಿತ್ತು. ಒಂದನ್ನೇ ಬದಲಿಸಿದರೆ ಸಾಲದೇ ಎಂದು ಕೇಳಿ ಬೈಸಿಕೊಂಡೆ. ಹಳೆಯದರ ಜೊತೆ ಕೂಡಿಸಿದರೆ ಅದು ಹೊಸದನ್ನೂ ಎಳೆದು ಹಾಕುತ್ತದೆಯಂತೆ. ಕಾಕಾ ದಂಡೆಯಲ್ಲೇ ಕುಕ್ಕರಗಾಲಲ್ಲಿ ಕೂತು, ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ ಎಂದು ನನ್ನ ಕೈಯಿಂದಲೇ ಮಾಡಿಸಿದರು. ಗ್ರೀಸು ಹಚ್ಚಿಸಿದರು, ಅಲುಗದಂತೆ ಪಟ್ಟಿ ಬಿಗಿಸಿದರು. ಕೂಡಿಸುವ ಸ್ವಿಚ್ಚನ್ನು ಆಪತ್ತಿಗೆ ಬಿಟ್ಟು ಮುಟ್ಟಕೂಡದು ಎಂದು ತಾಕೀತು ಮಾಡಿದರು. ಆಮೇಲೆ ಕೀಲಿಯ ಮಾತನ್ನು ಊರಲ್ಲಿ ಯಾರೂ ಎತ್ತಲಿಲ್ಲ.

ಪ್ರತಿ ವರ್ಷ ಹಿನ್ನೀರು ತುಂಬಿದಾಗ ಹೋಗಿ, ಬನ್ನಿ ಕಾಕಾ, ಹೂ ಬಿಟ್ಟು ಬರೋಣ ಎಂದು ಕರೆಯುತ್ತಿದ್ದೆ. ಅವರು ಬರಲಿಲ್ಲ.

“ಅವ್ವನ ಮ್ಯಾಲ ಹಾದಿದ್ದಕ್ಕ ಒಮ್ಮೆ ಮಾಫಿ ಕೇಳೀನಿ, ಯವ್ವಾ. ಎರಡನೇ ಸಲ ಕೇಳಾಕ ಆಕಿಗೆ ತೋರ್ಸೋ ಮಾರಿ ನನಗಿಲ್ಲ,” ಎಂದರು.

ಕಾಕಾ ತೀರಿಕೊಂಡ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ಹೇಳಿದ. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಮನೆಯ ಹೆಣ್ಣುಮಕ್ಕಳ ನಡುವೆ ಸ್ವಲ್ಪ ಹೊತ್ತು ಕೂತು ಎದ್ದು ಬಂದೆ. ಈಗ ಆ ಅಂಗಡಿಯಲ್ಲಿ ಮೊಬೈಲ್ ಮಾರುತ್ತಾರೆ. ಮೊನ್ನೆ ಬ್ಯಾಟರಿ ಕೆಟ್ಟ ಮೇಲೆ ಹೊಸವನ್ನು ಬೇರೆ ಕಡೆಯಿಂದ ತಂದು, ಎರಡನ್ನೂ ನಾನೇ ಕೂಡಿಸಿದೆ. ತಪ್ಪಿದರೆ ಬೈಯಲು ಯಾರೂ ಇರಲಿಲ್ಲ... ಆ ಕೊರತೆ ಇಷ್ಟು ದೊಡ್ಡದೆಂದು ಅಂದುಕೊಂಡಿರಲಿಲ್ಲ.

ಕಾಕಾನ ಮಕ್ಕಳು ಆ ಮುಳುಗಿದ ಊರನ್ನು ಕಂಡವರಲ್ಲ. ಅವರಿಗೆ ಅದು ಅಪ್ಪ ಹೇಳುತ್ತಿದ್ದ ಒಂದು ಮಾತು ಅಷ್ಟೇ. ಯಾವ ಗುಡ್ಡದ ಹಿಂದೆ ಯಾವ ಗುಡ್ಡ ಕಂಡಾಗ ದೋಣಿ ನಿಧಾನ ಮಾಡಬೇಕು ಎಂಬುದು ನನಗೊಬ್ಬಳಿಗೇ ಗೊತ್ತು. ನಾನು ಮುಖ ನೋಡಿರದ, ಹೆಸರೂ ಕೇಳಿರದ ಒಬ್ಬ ತಾಯಿ ಮಲಗಿರುವ ಜಾಗವನ್ನು ಬಲ್ಲವರು ನನ್ನನ್ನು ಬಿಟ್ಟರೆ ಯಾರೂ ಉಳಿದಿಲ್ಲ. ನನಗೂ ವಯಸ್ಸಾಯಿತು. ನಾನು ಹೋದ ಮೇಲೆ ಅಲ್ಲಿ ಬರೀ ನೀರು ಇರುತ್ತದೆ.